ಶಶಿಯ ಲ್ಯಾಪ್‌ಟಾಪ್

ಬಿಳಿಕೆರೆ
೧೬-೮-೨೦೦೯, ಭಾನುವಾರ

ಪ್ರೀತಿಯ ನಟರಾಜಣ್ಣನಿಗೆ,

ನಿನಗೂ ಸುಂದ್ರಮ್ಮ ಅತ್ತಿಗೆಗೂ ನಿನ್ನ ತಂಗಿ ಮೀನಾ ಮಾಡುವ ನಮಸ್ಕಾರ. ಇಲ್ಲಿ ನಾನು, ನಿನ್ನ ಭಾವ, ಮಗಳು ಅನು ಮೂವರೂ ಚೆನ್ನಾಗಿದ್ದೇವೆ. ಅತ್ತಿಗೆಯ ಮಂಡಿನೋವು ಈಗ ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ ಎಂದು ಹೇಳು.

ಅರ್ಧ ದಿನದಲ್ಲಿ ನಿಮ್ಮ ಊರು ಹ್ಯಾಂಡ್‌ಪೋಸ್ಟ್‌ಗೆ ಬಂದು ಹೋಗಬಹುದಾದವಳು, ಮನೆಯಲ್ಲಿ ಫೋನ್ ಇಟ್ಟುಕೊಂಡವಳು, ಹೀಗೆ ಕಾಗದ ಬರೆಯಲು ಕೂತಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾಗಬಹುದು. ಹೋದ ಭಾನುವಾರ ನಾನು ನಿಮ್ಮ ಮನೆಗೆ ಬಂದದ್ದೇ ಈ ವಿಷಯ ಹೇಳಲು. ಅತ್ತಿಗೆ ಮುದ್ದೆ, ಬಸ್ಸಾರು ಬಡಿಸಿದರು. ಊಟದ ನಡುವೆ ನೀನು, "ಅನು ಲ್ಯಾಪ್‌ಟಾಪ್ ಸರ್ಯಾಗಿ ನಡೀತಾ ಅದಾ?" ಎಂದು ಕೇಳಿದೆ. "ನಡೀತಾ ಅದೆ ಕಣಣ್ಣ" ಎಂದೆ. ಆಮೇಲೆ ಊಟ ಅರ್ಧಕ್ಕೇ ಬಿಟ್ಟೆ. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಮೂರು ಗಂಟೆಯ ಬಸ್ಸಿಗೇ ಹೊರಟುಬಿಟ್ಟೆ. ಆವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸು.

ಮೇ ತಿಂಗಳಲ್ಲಿ ನೀನೇ ಶಶಿಯ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಬಂದು ಅನುವಿನ ಕೈಗೆ ಕೊಟ್ಟೆಯಲ್ಲ, ಆ ದಿನ ನೀನು ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಸುಮ್ನೆ ಕೂತ್ರೆ ಯಂತ್ರ ಕೆಟ್ಟೋಯ್ತದೆ. ಮಗ ಅಂತೂ ಓದಿ ಮುಗಿಸ್ಲಿಲ್ಲ, ಸೊಸೆಯಾದ್ರೂ ಓದ್ಲಿ. ಅದ್ರಲ್ಲಿ ಅವ್ನು ತೆಗ್ದಿರೋ ಫೋಟೋ ಅವೆ. ಅವ್ನ ತಾಯಿ ಇನ್ನೂ ನೋಡಕ್ಕಾಗದಿಲ್ಲ ಅಂತಾಳೆ. ಮನಸ್ಸು ಗಟ್ಟಿಯಾದಾಗ ನೋಡ್ತೀವಿ, ಅಲ್ಲೀಗಂಟ ಅಂಗೇ ಇರ್ಲಿ" ಎಂದಿದ್ದೆ. ನಿಮ್ಮ ಶಶಿ ಕಾಮಾಲೆಯಲ್ಲಿ ತೀರಿಹೋಗಿ ಆಗ ಏಳು ತಿಂಗಳಷ್ಟೇ ಆಗಿತ್ತು.

ಅಣ್ಣ, ಆ ಫೋಟೋಗಳು ಈಗ ಇಲ್ಲ. ಹೇಗೆ ಹೋದವು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಮೊದಮೊದಲು ಅನು ಅದನ್ನು ದೇವರ ಪಟದ ಹಾಗೆ ನೋಡಿಕೊಂಡಳು. ಕೈ ತೊಳೆದೇ ಮುಟ್ಟುತ್ತಿದ್ದಳು. ಏಳನೇ ತರಗತಿಯ ಪಾಠದ ಪ್ರಶ್ನೆಗಳನ್ನು ಟೈಪ್ ಮಾಡುತ್ತಿದ್ದಳು, ನನ್ನ ಅಂಗನವಾಡಿ ಮಕ್ಕಳಿಗೆ ಆನೆ, ಆಡು, ಇಲಿಯ ಚಿತ್ರ ಬಿಡಿಸಿ ಕೊಡುತ್ತಿದ್ದಳು. ನನಗೂ ಹೆಮ್ಮೆಯಾಗಿತ್ತು. ಎದುರು ಮನೆಯವರನ್ನು ಕರೆದು ತೋರಿಸಿದವಳು ನಾನೇ. ಜುಲೈ ಹೊತ್ತಿಗೆ ಆಟಗಳು ಬಂದವು. ಹುಣಸೂರಿನ ಶಾಲೆಯಿಂದ ನಾಲ್ಕೂವರೆ ಬಸ್ಸಿಗೆ ಬಂದಿಳಿದು, ಚೀಲ ಎಸೆದು, ಚಾಪೆಯ ಮೇಲೆ ಬೋರಲಾಗಿ ಮಲಗಿ, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡರೆ ಊಟಕ್ಕೆ ಕರೆಯುವ ತನಕ ಏಳುತ್ತಿರಲಿಲ್ಲ. ದಿಂಬಿಗೆ ಒತ್ತಿಕೊಂಡು ಅದು ಕಾದ ಕಾವಲಿಯಂತಾಗುತ್ತಿತ್ತು. ಸೈಕಲ್ ಅಂಗಡಿಯಿಂದ ನಿನ್ನ ಭಾವ, ಅಂಗನವಾಡಿಯಿಂದ ನಾನು, ಇಬ್ಬರೂ ದಣಿದು ಬರುತ್ತಿದ್ದೆವು. ಹುಡುಗಿ ಬೀದಿಗೆ ಹೋಗದೆ ಮನೆಯಲ್ಲೇ ಇದ್ದಾಳಲ್ಲ, ಅಷ್ಟು ಸಾಕು ಎಂದುಕೊಂಡೆವು. ಅದು ನಮ್ಮ ತಪ್ಪು.

ಆಮೇಲೆ ತಲೆನೋವು ಶುರುವಾಯಿತು. ಕಣ್ಣು ಕೆಂಪಗೆ, ಕುತ್ತಿಗೆ ತಿರುಗಿಸಿದರೆ ನೋವು. ಒಂದು ದಿನ ಬೋರ್ಡು ಸರಿಯಾಗಿ ಕಾಣದೆ ಬೇರೆ ಬಸ್ಸು ಹತ್ತಿ ಪಿರಿಯಾಪಟ್ಟಣದವರೆಗೆ ಹೋಗಿಬಿಟ್ಟಳು. ಕಂಡಕ್ಟರೇ ವಾಪಸು ಬರುವ ಬಸ್ಸಿಗೆ ಕೂರಿಸಿ ಕಳಿಸಿದರು. ಮಾರನೇ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕನ್ನಡಕ ಬೇಡ, ಕಣ್ಣು ದಣಿದಿದೆ ಅಷ್ಟೇ ಎಂದರು ಆಕೆ. ಹತ್ತಿರದ ಪರದೆಯನ್ನೇ ರೆಪ್ಪೆ ಬಡಿಯದೆ ನೋಡುತ್ತಿದ್ದರೆ ದೊಡ್ಡವರ ಕಣ್ಣೂ ಹೀಗೇ ಆಗುತ್ತದಂತೆ. ಮೇಜಿನ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂರಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ದೂರದ ಮರವನ್ನು ನೋಡಬೇಕು, ಸಂಜೆ ಬಿಸಿಲಲ್ಲಿ ಆಡಬೇಕು ಎಂದು ಅನುವಿಗೇ ನೇರವಾಗಿ ಹೇಳಿದರು. ಮನೆಗೆ ಬಂದು ನಾನು ಅದನ್ನೆಲ್ಲ ಇನ್ನೂ ದೊಡ್ಡ ದನಿಯಲ್ಲಿ ಹೇಳಿದೆ. ಆಟ ಎಲ್ಲ ಬಂದ್ ಎಂದೆ.

ಬಂದ್ ಎಂದದ್ದರಿಂದಲೇ ಏನೋ, ಅವಳು ಕದ್ದು ಆಡಲು ಶುರುಮಾಡಿದಳು. ತರಗತಿಯ ಗೆಳತಿಯೊಬ್ಬಳು ಪೆನ್‌ಡ್ರೈವ್‌ನಲ್ಲಿ ಹೊಸ ಆಟ ತಂದುಕೊಟ್ಟಳಂತೆ. ಆ ಹುಡುಗಿಗೂ ಅದು ಎಲ್ಲೆಲ್ಲಿಂದ ಬಂದದ್ದೋ ಗೊತ್ತಿಲ್ಲ. ನನ್ನನ್ನು ಕೇಳದೆ ಅನು ಅದನ್ನು ಹಾಕಿದಳು. ವೈರಸ್ ಬಂತು. ಏನು ಒತ್ತಿದರೂ ಬೇರೇನೋ ತೆರೆದುಕೊಳ್ಳುವುದು, ತಾನೇ ಆರಿಹೋಗುವುದು. ಎರಡು ದಿನ ಮುಚ್ಚಿಟ್ಟಳು. ಮೂರನೇ ದಿನ ಅಳುತ್ತಾ ನನ್ನ ಮುಂದೆ ತಂದಿಟ್ಟಳು. ಆಗಸ್ಟ್ ಐದು, ಬುಧವಾರ. ನಾನು ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮುದಸ್ಸಿರ್ ಅನ್ನುವವರ ಅಂಗಡಿಗೆ ಒಬ್ಬಳೇ ಹೊತ್ತುಕೊಂಡು ಹೋದೆ. ಇದರೊಳಗೆ ಇರುವುದನ್ನೆಲ್ಲ ಒರೆಸಿ ಹೊಸದಾಗಿ ಹಾಕದೆ ದಾರಿಯಿಲ್ಲ ಎಂದರು. ಹಾಗೇ ಮಾಡಿಕೊಟ್ಟರು. ವೈರಸ್ಸಿನ ಜೊತೆಗೆ ಶಶಿಯ ಫೋಟೋಗಳೂ ಹೋದವು.

ಸಂಜೆ ಅನು ಅದನ್ನು ತೆರೆದು, ಎಲ್ಲೆಲ್ಲೋ ಹುಡುಕಿ, ನನ್ನ ಮುಖ ನೋಡಿದಳು. ಅಳಲಿಲ್ಲ. "ನನ್ನಿಂದ್ಲೇ ಅಲ್ವೇನಮ್ಮ" ಎಂದಳು. ನಾನು ಒಲೆಯ ಕಡೆ ತಿರುಗಿದೆ.

ಮರುದಿನದಿಂದ ಅವಳು ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ಹಿಡಿದು ಕೂತಳು. ಏನು ಬರೆಯುತ್ತಿದ್ದೀಯ ಎಂದರೆ ಮುಚ್ಚಿಕೊಳ್ಳುವಳು. ನಾಲ್ಕು ದಿನವಾದ ಮೇಲೆ ತಾನೇ ತೋರಿಸಿದಳು. ಅರವತ್ತೆರಡು ಫೋಟೋ ಇದ್ದವಂತೆ. ಅವುಗಳಲ್ಲಿ ಮೂವತ್ತೆಂಟನ್ನು ನೆನಪು ಮಾಡಿಕೊಂಡು ಒಂದೊಂದಕ್ಕೂ ಅರ್ಧ ಪುಟ ಬರೆದಿದ್ದಾಳೆ. ಒಂದೆರಡನ್ನು ಇಲ್ಲಿ ನಕಲು ಮಾಡುತ್ತೇನೆ.

"ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾರೆ. ಫೋಟೋ ತೆಗೆಯಬೇಡ ಎಂದು ಬೈಯುತ್ತಿರಬೇಕು, ಬಾಯಿ ತೆರೆದಿದೆ, ಆದರೆ ಕಣ್ಣಲ್ಲಿ ನಗು ಇದೆ."

"ಮಾವ ಖಾಕಿ ಅಂಗಿಯಲ್ಲಿ ಬಸ್ಸಿನ ಬಾಗಿಲ ಹತ್ತಿರ. ಮೇಲಿನಿಂದ ಎರಡನೇ ಗುಂಡಿ ಇಲ್ಲ."

"ಶಶಿ ಭಾವ ಕನ್ನಡಿಯಲ್ಲಿ ತಮ್ಮ ಫೋಟೋ ತಾವೇ ತೆಗೆದುಕೊಂಡಿದ್ದಾರೆ. ಬೆಳಕು ಬಿದ್ದು ಮೂಗು, ಹಣೆ ಕಾಣುವುದಿಲ್ಲ. ಹಲ್ಲು ಕಾಣುತ್ತದೆ."

ಓದಿ ನಿನ್ನ ಭಾವ ಅಂಗಡಿಗೆ ಹೋಗದೆ ಕೂತುಬಿಟ್ಟರು. ಅಷ್ಟು ಹೊತ್ತು ಅವಳು ಆಟ ಮಾತ್ರ ಆಡುತ್ತಿದ್ದಳು ಎಂದುಕೊಂಡಿದ್ದೆವು. ಅವನ ಫೋಟೋಗಳನ್ನು ಇಷ್ಟು ಕಣ್ಣಿಟ್ಟು ನೋಡಿದ್ದಾಳೆ ಎಂದು ನಮಗೆ ತಿಳಿದೇ ಇರಲಿಲ್ಲ. ಆ ನೋಟ್‌ಬುಕ್ಕನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಅತ್ತಿಗೆಗೆ ಯಾವಾಗ ಓದಿ ಹೇಳಬೇಕೆಂಬುದು ನಿನಗೆ ಬಿಟ್ಟದ್ದು.

ಲ್ಯಾಪ್‌ಟಾಪನ್ನು ನಿಮಗೇ ವಾಪಸು ಕೊಟ್ಟುಬಿಡೋಣ ಎಂದೆ ನಾನು. ನಿನ್ನ ಭಾವ ಒಪ್ಪಲಿಲ್ಲ. "ಕಿತ್ಕೊಂಡ್ರೆ ಏನ್ ಕಲ್ತಾಳು? ಕೂತ್ಕಳೋದು ಹೆಂಗೆ, ಎದ್ದೇಳೋದು ಯಾವಾಗ ಅಂತ ನಾವು ಹೇಳ್ಕೊಟ್ಟಿದ್ವಾ?" ಎಂದರು. ಮಾತು ನನಗೆ ನಾಟಿತು. ಅವರೇ ಹಳೆಯ ಹಲಗೆಗಳಿಂದ ಅವಳ ಎತ್ತರಕ್ಕೆ ಸರಿಯಾಗಿ ಒಂದು ಮೇಜು ಮಾಡಿ, ನಡುಮನೆಯ ಕಿಟಕಿಯ ಪಕ್ಕ ಹಾಕಿದ್ದಾರೆ. ಅಲ್ಲಿಂದ ರಸ್ತೆಯಾಚೆಯ ಹುಣಸೆಮರ ಕಾಣುತ್ತದೆ. ದಿನಕ್ಕೆ ಒಂದು ಗಂಟೆ, ಅದೂ ಬಯಲಲ್ಲಿ ಆಡಿ ಬಂದ ಮೇಲೆ. ನಡುವೆ ಅವಳೇ ಎದ್ದು ಮರ ನೋಡುತ್ತಾಳೆ. ಬೇರೆಯವರ ಪೆನ್‌ಡ್ರೈವ್ ಹಾಕುವ ಮೊದಲು ನಮ್ಮನ್ನು ಕೇಳಬೇಕು, ಏನಾದರೂ ಎಡವಟ್ಟಾದರೆ ಮುಚ್ಚಿಡದೆ ಅವತ್ತೇ ಹೇಳಬೇಕು, ಹೇಳಿದರೆ ನಾವು ಕೂಗಾಡಬಾರದು. ಕೊನೆಯದನ್ನು ಸೇರಿಸಿದವಳು ಅವಳೇ. ನಾವು ಒಪ್ಪಿದ್ದೇವೆ. ತಲೆನೋವು ಈಗ ಇಲ್ಲ. ನಿನ್ನೆ ಸ್ವಾತಂತ್ರ್ಯೋತ್ಸವಕ್ಕೆ ನನ್ನ ಅಂಗನವಾಡಿ ಮಕ್ಕಳ ಹೆಸರುಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಕೊಟ್ಟಳು.

ಅಣ್ಣ, ನೀನು ಎಷ್ಟು ಬೈದರೂ ನನಗೆ ಬೈ. ಮಗುವಿನ ಮೇಲೆ ಬೇಸರ ಇಟ್ಟುಕೊಳ್ಳಬೇಡ. ಬರುವ ಭಾನುವಾರ ಮೂವರೂ ಬರುತ್ತೇವೆ. ಬಾಗಿಲಲ್ಲಿ ಅವಳನ್ನು ಒಂದು ಸಲ ಹೆಸರು ಹಿಡಿದು ಕರೆ, ಸಾಕು. ನಿನ್ನ, ಅತ್ತಿಗೆಯ ಆಶೀರ್ವಾದ ಅವಳ ಮೇಲಿರಲಿ. ನಿಮ್ಮಿಬ್ಬರನ್ನೂ ದೇವರು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಮೀನಾ

ಬರೆಯದೆ ಬಿಟ್ಟದ್ದು: ಕವರಿಗೆ ಅಂಟು ಹಚ್ಚಿದ್ದೆ. ಮತ್ತೆ ತೆರೆದೆ. ಒರೆಸುವ ಮೊದಲು ಮುದಸ್ಸಿರ್ ನನ್ನನ್ನು ಕೇಳಿದ್ದರು. "ಅಕ್ಕ, ಇದ್ರಲ್ಲಿ ಯಾರ್ದೋ ಫೋಟೋ ಅವೆ. ಎರಡು ದಿನ ಬುಟ್ಟೋಗಿ, ಸಿಡಿಗೆ ತೆಗ್ದು ಕೊಡ್ತೀನಿ. ಒಂದ್ಸಲ ಅಳ್ಸಿದ್ರೆ ಮತ್ತೆ ಬರಾಕಿಲ್ಲ" ಎಂದರು. ಅನುವಿನ ಮೇಲೆ ಸಿಟ್ಟು ಕುದಿಯುತ್ತಿತ್ತು. "ಏನೂ ಬ್ಯಾಡ, ಎಲ್ಲಾ ಒರೆಸಾಕ್ಬುಡಿ" ಎಂದೆ. ಮರೆತು ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಮಾತು ನನಗೆ ನೆನಪಿತ್ತು. ಹನ್ನೊಂದು ದಿನ ಆ ಮಗು ಫೋಟೋಗಳು ತನ್ನಿಂದಲೇ ಹೋದವೆಂದು ನಂಬಿತ್ತು. ಆ ನೋಟ್‌ಬುಕ್ ಬರೆಯುವಾಗಲೂ ನಾನು ಬಾಯಿ ಬಿಡಲಿಲ್ಲ. ಈಗಷ್ಟೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. "ಮಾವಂಗೆ ಇದ್ನೂ ಬರ್ದಿದ್ಯಾ?" ಎಂದು ಕೇಳಿದಳು. ಇಲ್ಲ ಎಂದೆ. ಪೆನ್ನು ತಂದು ಕೈಗೆ ಕೊಟ್ಟಳು.