ಎರಡನೇ ಕಂಟ್ರೋಲರ್

ಅಣ್ಣಾ,

ನೀನು ತೀರಿಕೊಂಡ ಮೇಲೆ ನಾನು ನಿಮ್ಮ ಮನೆ ಕಡೆ ತಲೆ ಹಾಕಿರಲಿಲ್ಲ. ಇವತ್ತು ಅತ್ತಿಗೆ ಫೋನ್ ಮಾಡಿದ್ದಕ್ಕೆ ಹೋದೆ. "ಆ ಗೇಮ್ ಡಬ್ಬಿ ಕೆಟ್ಟಿದೆಯೇನೋ, ಒಂಚೂರು ನೋಡಪ್ಪ. ಇವಳದ್ದು ಒಂದೇ ರಗಳೆ."

ನಿನ್ನ ಮಗಳು ಎರಡನೇ ಕಂಟ್ರೋಲರನ್ನು ನನ್ನ ಕೈಗೆ ತುರುಕಿದಳು. "ಅಪ್ಪಂದು ಸರಿ ಇದೆ ಚಿಕ್ಕಪ್ಪ. ಇದು ಮಾತ್ರ ಉಲ್ಟಾ. ಕಡ್ಡಿ ಮೇಲಕ್ಕೆ ತಳ್ಳಿದ್ರೆ ವಿಮಾನ ಕೆಳಗೆ ಹೋಗುತ್ತೆ."

ಅದು ಕೆಟ್ಟಿರಲಿಲ್ಲ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಆಡಿ ಆಡಿ ನನ್ನ ಕೈ ಹಾಗೆ ಉಲ್ಟಾ ಪಳಗಿದ್ದು ನಿನಗೊಬ್ಬನಿಗೇ ಗೊತ್ತಿತ್ತು. ಟೀವಿಗೆ ಸಿಕ್ಕಿಸುವ ನಿನ್ನ ಕನ್ಸೋಲ್ ಎಂದರೆ ಆಟಿಕೆ, ಕಂಪನಿಯವರು ಕೊಟ್ಟ ಹಾಗೇ ಆಡಬೇಕು, ಕಂಪ್ಯೂಟರಾದರೆ ನಮ್ಮ ಕೈಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು ಎಂದು ನಾನು ಕೊರೆಯುತ್ತಿದ್ದೆ. ನೀನು ನಗುತ್ತಿದ್ದೆ. "ನಿನ್ನ ಕಂಪ್ಯೂಟರ್ ಮುಂದೆ ಇರೋದು ಒಂದೇ ಕುರ್ಚಿ ಕಣೋ. ಇಲ್ಲಿ ಸೋಫಾ ಇದೆ, ಬಾ."

ಪ್ರತಿ ಸಲವೂ ನಾನು ಮುಂದಿನ ಭಾನುವಾರ ಬರ್ತೀನಿ ಎನ್ನುತ್ತಿದ್ದೆ.

ಸೆಟ್ಟಿಂಗ್ಸ್ ತೆರೆದೆ. ಎರಡನೇ ಆಟಗಾರನ ಜಾಗದಲ್ಲಿ ನೀನು ನನಗಿಟ್ಟ ಅಡ್ಡಹೆಸರಿತ್ತು: ಮೊಂಡ.

"ಯಾರು ಹಿಂಗೆ ಉಲ್ಟಾ ಆಡ್ತಾರೆ?" ಎಂದು ಮಗು ಕೇಳಿತು.

ಅಡುಗೆಮನೆಯಿಂದ ಅತ್ತಿಗೆ, "ರಿಪೇರಿ ಆಗುತ್ತಾ?" ಎಂದರು.

"ಆಗುತ್ತೆ ಅತ್ತಿಗೆ" ಎಂದೆ.

ದಿಕ್ಕು ಬದಲಾಯಿಸಿದೆ. ಆ ಹೆಸರನ್ನು ಅಳಿಸಿ ಮಗಳ ಹೆಸರು ಹಾಕಿದೆ. ಅವಳು ಸೋಫಾದ ಒಂದು ತುದಿಗೆ ಸರಿದು, ನಿನ್ನ ಕಂಟ್ರೋಲರನ್ನು ನನಗೆ ಕೊಟ್ಟು, "ಬನ್ನಿ, ಆಡೋಣ" ಎಂದಳು. ನನ್ನ ವಿಮಾನ ಮೇಲೇಳುವ ಬದಲು ನೆಟ್ಟಗೆ ನೆಲಕ್ಕೆ ಬಿತ್ತು.

ಎಲ್ಲ ಸರಿ ಮಾಡಿಕೊಟ್ಟು ಬಂದಿದ್ದೇನೆ ಅಣ್ಣ. ಇನ್ನು ಆ ಮನೆಯಲ್ಲಿ ನನ್ನ ಕೈಗೆ ಹೊಂದುವಂಥದ್ದು ಒಂದೂ ಇಲ್ಲ.