ಹೆಸರಿಲ್ಲದ ಲೈನು

ಜೂನ್ 3, ಸೋಮವಾರ

ಇವತ್ತೂ ಹಳೆಯ ಇಂಟರ್ನೆಟ್ ಲೈನುಗಳನ್ನು ಹೊಸ ಸಾಫ್ಟ್‌ವೇರಿಗೆ ತುಂಬುವ ಕೆಲಸ. ಗ್ರಾಹಕರ ಹೆಸರು, ಜಾಗ, ಸ್ಪೀಡು... ತುಂಬಿದರೆ ಪರದೆಯಲ್ಲಿ ಹಸಿರು, ಕೆಟ್ಟರೆ ಕೆಂಪು. ಒಂದು ಲೈನು ಮಾತ್ರ ಬೂದು. ಯಾರದೆಂದು ಯಾರಿಗೂ ಗೊತ್ತಿಲ್ಲ. ನಮ್ಮವರು ಕೊಂಡುಕೊಂಡ ಹಳೆಯ ಕಂಪನಿಯ ಕಾಲದ್ದು. ಡೇಟಾ ಮಾತ್ರ ಓಡುತ್ತಿದೆ, ಚೂರೇ ಚೂರು.

ಶುಕ್ರವಾರದೊಳಗೆ ಹೆಸರು ಹುಡುಕು, ಇಲ್ಲವೇ ಅಳಿಸು ಎಂದರು ಮ್ಯಾನೇಜರ್. ಪಕ್ಕದ ಸೀಟಿನ ಗೊಣಗಣ್ಣ — ಅವರ ನಿಜವಾದ ಹೆಸರು ಮರೆತೇಹೋಗಿದೆ — ಉಪಾಯ ಹೇಳಿದರು.

"ಸುಮ್ನೆ ನಿಲ್ಲಿಸಿಬಿಡಮ್ಮ. ಬೇಕಾದವ್ರು ಬೊಬ್ಬೆ ಹೊಡ್ಕೊಂಡು ಬರ್ತಾರೆ."

ಈ ಕೆಲಸದಲ್ಲಿ ಎಲ್ಲರೂ ಮಾಡುವುದೇ. ಸಂಜೆ ನಿಲ್ಲಿಸಿದೆ.

ಜೂನ್ 4, ಮಂಗಳವಾರ

ಯಾರ ಬೊಬ್ಬೆಯೂ ಇಲ್ಲ. ದೂರಿನ ಫೋನು ಎತ್ತುವವಳನ್ನು ಹೋಗಿ ಹೋಗಿ ಕೇಳಿದೆ. ಬೇಕಾದರೆ ನಾನೇ ಒಂದು ದೂರು ಕೊಡ್ತೀನಿ ಎಂದು ನಕ್ಕಳು.

ಆದರೆ ಇನ್ನೊಂದು ಅಂಕಿ ಏರುತ್ತಿದೆ. ಡ್ರಾಪ್. ಆ ಕಡೆಯಿಂದ ಹೊರಟು, ನಾನು ಮುಚ್ಚಿದ ಬಾಗಿಲಿಗೆ ಬಡಿದು ಬಿದ್ದದ್ದರ ಲೆಕ್ಕ. ಬಡಿಯುವವರು ಒಂದು ಫೋನ್ ಮಾಡಬಾರದೇ? ಎಲ್ಲೋ ಮರೆತುಬಿಟ್ಟ ಮೆಷಿನ್ನು, ತನ್ನಷ್ಟಕ್ಕೆ ಬಡಿಯುತ್ತಿರುತ್ತದೆ ಎಂದರು ಗೊಣಗಣ್ಣ. ಇರಬಹುದು... ತಲೆಬುಡ ತಿಳಿಯುತ್ತಿಲ್ಲ.

ಮನೆಯಲ್ಲಿ ಅತ್ತೆಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಹಸಿರು ಕೆಂಪು ನೋಡೋದಕ್ಕೂ ಸಂಬಳ ಕೊಡ್ತಾರಲ್ಲ, ಪುಣ್ಯಾತ್ಮರು ಎಂದರು.

ಜೂನ್ 6, ಗುರುವಾರ

ಬೆಳಿಗ್ಗೆ ಡ್ರಾಪ್ ಹುಚ್ಚು ಹಿಡಿದಂತೆ ಏರಿತು. ಗ್ರಾಫು ಗೋಡೆಯಂತೆ ನೆಟ್ಟಗೆ. ಸೆಟ್ಟಿಂಗ್ ತಪ್ಪಾಗಿದೆಯೇ? ಆ ಸೆಟ್ಟಿಂಗ್ ತೆಗೆದು ಮತ್ತೆ ಹಾಕಿದೆ. ಅದೇ ಗೋಡೆ. ತೆರೆದುಬಿಡೋಣ ಎಂದು ಮೌಸ್ ಹಿಡಿದೆ. ಬೆನ್ನ ಹಿಂದೆ ಮ್ಯಾನೇಜರ್. ಯಾರಾದರೂ ಕಂಪ್ಲೇಂಟ್ ಮಾಡಿದರಾ ಎಂದು ಕೇಳಿದರು. ಇಲ್ಲ ಸರ್ ಎಂದೆ. ಮತ್ತೆ? ಎಂದರು. ಮೌಸಿನಿಂದ ಕೈ ತೆಗೆದೆ.

ಊಟದ ಹೊತ್ತಿಗೆ ಒಮ್ಮೆಲೇ ನಿಂತಿತು. ಮೆಷಿನ್ನೇ ಇರಬೇಕು, ಕೆಟ್ಟುಹೋಯಿತು. ಸಮಾಧಾನವಾಯಿತು ಅಂದುಕೊಂಡೆ. ಆಗಿಲ್ಲ.

ಜೂನ್ 7

ಅಳಿಸಿದೆ. ಪರದೆ ತುಂಬ ಹಸಿರು. ಮ್ಯಾನೇಜರ್ ಟೀ ಕೊಡಿಸಿದರು.

ಜೂನ್ 8, ಶನಿವಾರ, ಮಧ್ಯಾಹ್ನ

ನರ್ಸ್ ಒಬ್ಬರು ಬಂದರು. ಗುಡ್ಡದಾಚೆಯ ಕಲ್ಲು ಕ್ವಾರಿಯ ಆಸ್ಪತ್ರೆಯವರು. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಬಸ್ಸು ಬದಲಿಸಿ ಬಂದಿದ್ದಾರೆ, ಚಪ್ಪಲಿ ತುಂಬ ಬಿಳಿ ಧೂಳು. ಸೋಮವಾರ ಸಂಜೆಯಿಂದ ಫೋನ್ ಇಲ್ಲ, ಇವತ್ತು ಬರುತ್ತೆ ನಾಳೆ ಬರುತ್ತೆ ಎಂದು ಕಾದೆವು ಎಂದರು. ನಾನು ಪೆದ್ದಿಯ ಹಾಗೆ, ಫೋನ್ ಮಾಡಿ ದೂರು ಕೊಡಬೇಕಿತ್ತು ಎಂದೆ.

"ಯಾವುದ್ರಿಂದ ಮಾಡ್ಲಿ ಮೇಡಂ? ನಮ್ ಫೋನ್ ಓಡೋದೇ ಆ ಲೈನಲ್ಲಿ."

ಗೊಣಗಣ್ಣ ತಮ್ಮ ಕುರ್ಚಿಯನ್ನು ನರ್ಸ್ ಕಡೆ ಸರಿಸಿದರು.

ಗುರುವಾರ ಬೆಳಿಗ್ಗೆ ಕಲ್ಲು ಜಾರಿ ಕೆಲಸದ ಹೆಂಗಸೊಬ್ಬಳ ಮೇಲೆ ಬಿತ್ತಂತೆ. ಆಂಬುಲೆನ್ಸಿಗೆ ಫೋನ್ ಮಾಡಿದ್ದಾರೆ. ಮತ್ತೆ ಮಾಡಿದ್ದಾರೆ. ಬಿಡದೆ ಮಾಡಿದ್ದಾರೆ. ಮಧ್ಯಾಹ್ನ ಕಲ್ಲಿನ ಲಾರಿ ಬಂತು, ಅದರಲ್ಲೇ ಮಲಗಿಸಿ ದೊಡ್ಡಾಸ್ಪತ್ರೆಗೆ ಕಳಿಸಿದರಂತೆ. ಅವರು ಒತ್ತಿದ ನಂಬರೆಲ್ಲ ನನ್ನ ಪರದೆಯಲ್ಲಿ ಏರಿದ್ದು. ನಾನು ಸೆಟ್ಟಿಂಗ್ ತಿದ್ದುತ್ತ ಕೂತಿದ್ದೆ.

ಅದೇ ದಿನ, 3.10

ಅಳಿಸಿದ್ದು ವಾಪಸ್ ಬರುವುದಿಲ್ಲ. ಲೈನನ್ನು ಮೊದಲಿನಿಂದ ಕಟ್ಟುತ್ತಿದ್ದೇನೆ. ಪೋರ್ಟ್ ಸರಿ, ಸ್ಪೀಡು ಸರಿ, ಸೇವ್ ಕೊಟ್ಟರೆ ಕೆಂಪು. ಯಾಕೆ? ನರ್ಸ್ ಹೊರಗೆ ಬೆಂಚಿನ ಮೇಲಿದ್ದಾರೆ. ಆ ಹೆಂಗಸು ಹೇಗಿದ್ದಾಳೆ ಎಂದು ಕೇಳಿಲ್ಲ. ಭಯ.

4.25

ಹಸಿರು. ಕ್ವಾರಿಯಲ್ಲಿ ಫೋನ್ ರಿಂಗಾಯಿತು, ಯಾರೋ ಎತ್ತಿದರು. ನರ್ಸ್‌ಗೆ ಕೊಟ್ಟೆ. ಗುರುವಾರದಿಂದ ಅಲ್ಲೇ ಉಳಿದಿದ್ದ ಲಾರಿಯವನು ಈಗಷ್ಟೇ ದೊಡ್ಡಾಸ್ಪತ್ರೆಯಿಂದ ವಾಪಸ್ ಬಂದಿದ್ದಾನಂತೆ, ಅವನ ಹತ್ತಿರವೇ ಮಾತು. ಸುಮ್ಮನೆ ನಿಲ್ಲಲಾಗದೆ ಇದನ್ನು ಬರೆಯುತ್ತಿದ್ದೇನೆ. ಇವರು ಬರೀ ಕೇಳಿಸಿಕೊಳ್ಳುತ್ತಿದ್ದಾರೆ. ಹೂಂ ಎನ್ನುತ್ತಿದ್ದಾರೆ. ಮುಖ ನೋಡಿದರೆ ಏನೂ ತಿಳಿಯುತ್ತಿಲ್ಲ. ಫೋನ್ ಇಟ್ಟರು. ನನ್ನ ಕಡೆ ತಿರುಗಿದರು. ಪೆನ್ನು ಇಡುತ್ತೇನೆ.