ದೇವರು ತೆರೆದ ಬಾಗಿಲಿಗೆ ನನಗೇಕೆ ನೋಟಿಸು?

ಮಾನ್ಯ ಕುಲಪತಿಗಳೇ,

ಬರುವ ಶುಕ್ರವಾರ ನಮ್ಮ ಕ್ರೈಸ್ತ ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ, ಮಹಾಮಾರಿಯ ವರ್ಷವನ್ನು ದಾಟಿಸಿದ ದೇವರಿಗೆ ಕೃತಜ್ಞತಾ ಆರಾಧನೆ ಇಟ್ಟುಕೊಂಡಿದ್ದೀರಿ. ಅದೇ ಹೊತ್ತಿಗೆ, ಚಾಪೆಲ್‌ನ ಗೋಡೆಗೆ ಅಂಟಿಕೊಂಡ ಕೋಣೆಯಲ್ಲಿ, ವಿದ್ಯಾರ್ಥಿನಿಯರ ಹಾಸ್ಟೆಲಿನ ಮೇಟ್ರನ್ ಆದ ನನ್ನನ್ನು ಕೆಲಸದಿಂದ ತೆಗೆಯಬೇಕೋ ಬೇಡವೋ ಎಂಬ ವಿಚಾರಣೆಯನ್ನೂ ಇಟ್ಟಿದ್ದೀರಿ. ಗೋಡೆಯ ಆಚೆ ಸ್ತೋತ್ರ, ಈಚೆ ಶಿಕ್ಷೆ. ಇಷ್ಟು ಅಚ್ಚುಕಟ್ಟಾದ ಏರ್ಪಾಡಿಗೆ ತಮ್ಮ ಕಚೇರಿಯನ್ನು ಅಭಿನಂದಿಸದಿದ್ದರೆ ತಪ್ಪಾದೀತು.

ನನ್ನ ಅಪರಾಧ, ಸೋಂಕು ತಗುಲಿದ ವಿದ್ಯಾರ್ಥಿನಿಯ ಕೋಣೆಯ ಬಾಗಿಲನ್ನು ಅನುಮತಿಯಿಲ್ಲದೆ ತೆರೆದದ್ದು. ತೆರೆದೆ, ಹೌದು. ಏಕೆಂದು ಕೇಳುವ ಪುರುಸೊತ್ತು ತಮ್ಮಲ್ಲಿ ಯಾರಿಗೂ ಆಗಲಿಲ್ಲವಾದ್ದರಿಂದ ಊರಿಗೇ ಕೇಳಿಸುವಂತೆ ಹೇಳುತ್ತಿದ್ದೇನೆ.

ನಮ್ಮ ಹಾಸ್ಟೆಲಿನಲ್ಲಿ ಪ್ರಾರ್ಥನೆ ಮಾಡದೆ ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ. ಸೋಂಕಿತ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕೋಣೆಗಳಲ್ಲಿ ಇರಿಸಿದಾಗಲೂ ನಾನು ಆ ಪದ್ಧತಿ ಬಿಡಲಿಲ್ಲ. ಬಾಗಿಲ ಹೊರಗಿನ ಸ್ಟೂಲಿನ ಮೇಲೆ ತಟ್ಟೆ ಇಟ್ಟು, ಅಲ್ಲೇ ನಿಂತು ಪ್ರಾರ್ಥನೆ ಹೇಳುತ್ತಿದ್ದೆ. ಒಳಗಿನಿಂದ ‘ಆಮೆನ್’ ಬಂದರೆ ಮುಂದಿನ ಬಾಗಿಲು. ಕೆಲವರ ಆಮೆನ್‌ನಲ್ಲಿ ಭಕ್ತಿಗಿಂತ ಹಸಿವೇ ಜಾಸ್ತಿ ಇರುತ್ತಿತ್ತು. ನನಗೆ ಅಷ್ಟು ಸಾಕಿತ್ತು.

ಒಂದು ಮಧ್ಯಾಹ್ನ ಮಹಡಿಯ ಕೊನೆಯ ಕೋಣೆಯಿಂದ ಆಮೆನ್ ಬರಲಿಲ್ಲ. ಮತ್ತೆ ಪ್ರಾರ್ಥಿಸಿದೆ, ಬಾಗಿಲು ಬಡಿದೆ, ಹೆಸರು ಹಿಡಿದು ಕೂಗಿದೆ. ಎಲ್ಲ ಕೋಣೆಗಳಿಗೂ ಆಗುವ ಮಾಸ್ಟರ್ ಕೀಗೆ ಕೈ ಹಾಕಿದೆ. ಆದರೂ ನಿಯಮ ನಿಯಮವೇ ಎಂದು ತಮ್ಮ ಆರೋಗ್ಯ ಸಮಿತಿಗೆ ಫೋನ್ ಮಾಡಿದೆ. ಕಾರ್ಯದರ್ಶಿಗಳು ಪಿಸುದನಿಯಲ್ಲಿ, “ಸ್ವಲ್ಪ ತಡೀರಿ, ರೋಗಿಗಳಿಗೋಸ್ಕರ ಆನ್‌ಲೈನ್ ಪ್ರಾರ್ಥನೆ ನಡೀತಿದೆ, ಎಲ್ರೂ ಅದ್ರಲ್ಲೇ ಇದಾರೆ” ಎಂದು ಇಟ್ಟೇಬಿಟ್ಟರು. ತಾವು ಪ್ರಾರ್ಥಿಸುತ್ತಿದ್ದ ರೋಗಿ ನನ್ನೆದುರಿನ ಬಾಗಿಲ ಹಿಂದಿದ್ದಳು. ಕೂಟ ಮುಗಿಯುವ ತನಕ ಉಸಿರು ಬಿಗಿಹಿಡಿದುಕೊಂಡಿರಮ್ಮ ಎಂದು ಅವಳಿಗೆ ಹೇಳಬೇಕಿತ್ತೇ?

ಮಾಸ್ಟರ್ ಕೀ ತಿರುಗಿಸಿದೆ. ಹುಡುಗಿ ನೆಲದ ಮೇಲೆ ಬಿದ್ದಿದ್ದಳು, ತುಟಿ ನೀಲಿಗಟ್ಟಿತ್ತು. ಆಂಬುಲೆನ್ಸ್ ಬರುವವರೆಗೆ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವಳು ಉಳಿದಳು. ಆಮೇಲೆ ಅದೇ ಸೋಂಕು ತಗುಲಿ ನಾನು ಮನೆಯಲ್ಲಿ ಮಲಗಿದೆ. ನನ್ನ ಅಕ್ಕ ಬಾಗಿಲಾಚೆ ಗಂಜಿ ಇಟ್ಟು, ನನ್ನ ಆಮೆನ್ ತುಸು ತಡವಾದರೂ ಬೈಯುತ್ತಿದ್ದಳು. ಚೇತರಿಸಿಕೊಂಡು ಕೆಲಸಕ್ಕೆ ಬಂದರೆ ಮೇಜಿನ ಮೇಲೆ ತಮ್ಮ ನೋಟಿಸು ಕಾದಿತ್ತು. ಸಾಕ್ಷ್ಯವೆಂದು ಕೀಯನ್ನೂ ಕಿತ್ತುಕೊಂಡಿರಿ.

ಈಗ ಆರಾಧನೆಯ ಕಾರ್ಯಕ್ರಮ ನೋಡುತ್ತೇನೆ: ದೇವರ ಉಪಕಾರ ನೆನೆದು ಅದೇ ಹುಡುಗಿ ಸಭೆಯೆದುರು ಓದುವ ಸಾಕ್ಷಿ, ‘ಕರ್ತನು ನನ್ನ ಬಾಗಿಲನ್ನು ತೆರೆದನು’. ಪಾಪ, ಅವಳೇ ಮನೆಗೆ ಬಂದು ತಲೆ ತಗ್ಗಿಸಿ ಕೂತಳು. “ಆಂಟಿ, ನೀವು ತೆಗೆದ್ರಿ ಅಂತಾನೇ ಬರೆದಿದ್ದೆ. ವಿಚಾರಣೆ ನಡೀತಿದೆ, ಅದು ಬೇಡ ಅಂತ ಕಚೇರಿಯವರು ತಿದ್ದಿದ್ರು,” ಎಂದಳು. ಒಳಗಿಂದ ಅಕ್ಕ, “ದೇವರ ಹತ್ರ ಮಾಸ್ಟರ್ ಕೀ ಇತ್ತಾ ಅಂತ ಕೇಳು,” ಎಂದಳು. ಇತ್ತು ಅಕ್ಕ, ಈಗಂತೂ ಖಂಡಿತ ಇದೆ. ವರ್ಷದ ನೆನಪಿನ ವಸ್ತುಗಳೆಂದು ಬಲಿಪೀಠದ ಮುಂದಿನ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ, ಮಾಸ್ಕಿನ ಪಕ್ಕದಲ್ಲಿ ನನ್ನ ಕೀಯನ್ನು ಇಟ್ಟಿದ್ದಾರಂತೆ.

ದೇವರಿಗೆ ಕೀರ್ತಿ ಹೋಗುವುದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆ ಮಧ್ಯಾಹ್ನ ನನ್ನ ಅವಸರದ ಕೈಗೆ ಬೀಗದ ತೂತು ಸಿಕ್ಕಿದ್ದು ಅವನ ಕೃಪೆಯಿಂದಲೇ ಎಂದು ನಾನೂ ನಂಬುತ್ತೇನೆ, ದಿನವೂ ವಂದಿಸುತ್ತೇನೆ. ಆದರೆ ಒಂದೇ ಬಾಗಿಲನ್ನು ಚಾಪೆಲ್‌ನಲ್ಲಿ ಅವನು ತೆರೆದು, ಪಕ್ಕದ ಕೋಣೆಯಲ್ಲಿ ನಾನು ತೆರೆದದ್ದು ಹೇಗೆ? ಅವನೇ ತೆರೆದಿದ್ದರೆ ನೋಟಿಸನ್ನು ಅವನಿಗೆ ಕಳಿಸಿ. ವಿಳಾಸ ತಮ್ಮ ಚಾಪೆಲ್‌ನ ಪಾದ್ರಿಗಳಿಗೆ ಗೊತ್ತಿರಬೇಕು. ನಾನು ತೆರೆದಿದ್ದರೆ, ಆ ಹುಡುಗಿ ಬರೆದದ್ದನ್ನು ಬರೆದಂತೆಯೇ ಓದಲು ಬಿಡಿ.

ಶುಕ್ರವಾರ ನಾನು ವಿಚಾರಣೆಯ ಕೋಣೆಗೆ ಬರುವುದಿಲ್ಲ. ಚಾಪೆಲ್‌ನ ಮುಂದಿನ ಸಾಲಿನಲ್ಲಿ, ಆ ಮೇಜಿಗೆ ಕೈ ಎಟುಕುವಷ್ಟು ಹತ್ತಿರ ಕೂರುತ್ತೇನೆ. ನೋಟಿಸನ್ನು ಹಿಂತೆಗೆದುಕೊಳ್ಳಿ, ಕೀಯನ್ನು ತಾವೇ ನನ್ನ ಕೈಗೆ ಕೊಡಿ. ಸೋಮವಾರ ಹಾಸ್ಟೆಲಿಗೆ ಹುಡುಗಿಯರು ಮರಳುತ್ತಾರೆ. ಮತ್ತೆ ಯಾವುದಾದರೂ ಬಾಗಿಲ ಹಿಂದಿನಿಂದ ಆಮೆನ್ ಬರದಿದ್ದರೆ, ನಾನು ಅದನ್ನು ತೆರೆಯುವವಳೇ.

ಇಂತಿ,
ದೇವರು ಮಾಡಿದ ಕೆಲಸಕ್ಕೆ ಸಮಜಾಯಿಷಿ ಕೊಡಬೇಕಾಗಿ ಬಂದಿರುವ,
ಹುಡುಗಿಯರ ಬಾಯಲ್ಲಿ ‘ಬೀಗದಮ್ಮ’, ಸದ್ಯಕ್ಕೆ ಕೀಲಿಯಿಲ್ಲದವಳು